ಕೊಲ್ಲಿಯ ನೀರಿಗೂ ಒಂದು ಶುಗರ್ ಮೀಟರ್ ಬೇಕು: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳಿಗೆ, ಮತ್ತು ಹಾರಂಗಿಗೆ ಹರಿಯುವ ನೀರಿನ ಆಸುಪಾಸಿನಲ್ಲಿ ಬದುಕುವ ನಮ್ಮ ಊರಿನವರಿಗೆ,

ನಮಸ್ಕಾರ.

ನನ್ನ ಅಜ್ಜಿಗೆ ಎಂಬತ್ತು ದಾಟಿದೆ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಾರೆ. ಒಂದು ಹನಿ ರಕ್ತವನ್ನು ಸಣ್ಣ ಪಟ್ಟಿಗೆ ಮುಟ್ಟಿಸಿ, ಮೀಟರನ್ನು ಕಣ್ಣಿನ ಹತ್ತಿರ ಹಿಡಿದು ಕಾಯುತ್ತಾರೆ. ಐದು ಸೆಕೆಂಡ್. ಬಂದ ಅಂಕಿಯನ್ನು ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ, ಆ ದಿನದ ಚೌಕದೊಳಗೆ ಬರೆಯುತ್ತಾರೆ. ಜಾಸ್ತಿ ಬಂದ ದಿನ ಯಾರೂ ಕೇಳುವ ಮೊದಲೇ "ನಿನ್ನೆ ಮದುವೆ ಮನೇಲಿ ಎರಡು ಸಲ ಪಾಯಸ ಹಾಕಿಸಿಕೊಂಡೆ" ಎನ್ನುತ್ತಾರೆ. ಅಂದು ಅವರ ಕಾಫಿಗೆ ಸಕ್ಕರೆ ಇಲ್ಲ. ಅದನ್ನೂ ಅವರೇ ತೀರ್ಮಾನ ಮಾಡಿಕೊಳ್ಳುತ್ತಾರೆ.

ಅಜ್ಜಿ ಓದಿದ್ದು ಮೂರನೇ ಕ್ಲಾಸು. ಆದರೆ ಅವರು ದಿನಾ ಬೆಳಿಗ್ಗೆ ಮಾಡುವುದು ನಾನು ಹತ್ತು ವರ್ಷದಿಂದ ಕಲಿಯುತ್ತಿರುವ ವಿದ್ಯೆಯನ್ನೇ. ನಾನು ಕೆಮಿಕಲ್ ಎಂಜಿನಿಯರಿಂಗ್ ಸಂಶೋಧಕಿ. ನನ್ನ ವಿಷಯಕ್ಕೆ ಬಯೋಎಲೆಕ್ಟ್ರೋಕೆಮಿಸ್ಟ್ರಿ ಎಂದು ಹೆಸರು. ಹೆಸರು ಉದ್ದ, ಕೆಲಸ ಸರಳ. ಜೀವಿಗಳು ಆಹಾರವನ್ನು ಒಡೆಯುವಾಗ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ. ಅವನ್ನು ಒಂದು ತಂತಿಗೆ ಹತ್ತಿಸಿ ಎಣಿಸುವುದು, ಅಷ್ಟೇ. ಊರಿಗೆ ಬಂದಾಗ ಕೇಳುತ್ತಾರೆ: "ನಿಂದು ಕರೆಂಟ್ ಕೆಲಸವಾ, ಡಾಕ್ಟರ್ ಕೆಲಸವಾ?" ಎರಡೂ ಹೌದು ಅಂತ ಹೇಳಿ ನಗುತ್ತೇನೆ.

ಈ ಪತ್ರ ಬರೆಯುತ್ತಿರುವುದು ಒಂದು ಅನುಮತಿ ಕೇಳುವುದಕ್ಕೆ. ಅಜ್ಜಿಯ ಮೀಟರಿನ ದೂರದ ನೆಂಟನಂಥ ಒಂದು ಡಬ್ಬಿಯನ್ನು ನಮ್ಮ ಕಡೆಯ ಒಂದು ಕೊಲ್ಲಿಯಲ್ಲಿ, ಅಂದರೆ ಗುಡ್ಡದಿಂದ ಇಳಿಯುವ ಸಣ್ಣ ತೊರೆಯಲ್ಲಿ, ಒಂದು ಪಲ್ಪಿಂಗ್ ಸೀಸನ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕಾಲ) ಇಡಲು ಬಿಡಿ. ಅದು ತೋರಿಸುವ ಅಂಕಿಯನ್ನು ಪಂಚಾಯಿತಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆಯಲು ಬಿಡಿ. ಯಾಕೆ ಎಂದು ವಿವರವಾಗಿ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ನಮ್ಮ ತೋಟ ಮಾದಾಪುರದ ಕಡೆ. ಅರೇಬಿಕಾ ಕಾಫಿ, ಜೊತೆಗೆ ಮೆಣಸು, ನಾಲ್ಕು ಕಿತ್ತಳೆ ಮರ. ತೋಟದ ಕೆಳಗೆ ಕೊಲ್ಲಿ. ಅದು ಹೊಳೆ ಸೇರಿ, ಹೊಳೆ ಹಾರಂಗಿ ಸೇರಿ, ಹಾರಂಗಿ ಕೂಡಿಗೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥದ ಬಾಟಲಿ ನಮ್ಮ ದೇವರ ಕೋಣೆಯಲ್ಲಿ ವರ್ಷವಿಡೀ ಇರುತ್ತದೆ. ಸಂಕ್ರಮಣ ಕಳೆದು ಒಂದು ತಿಂಗಳೊಳಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ಶುರುವಾಗುತ್ತದೆ. ನಾನು ಚಿಕ್ಕವಳಿದ್ದಾಗ ಆ ಪಲ್ಪರ್ ನೀರು ಎಲ್ಲಿಗೆ ಹೋಗುತ್ತಿತ್ತು? ಸೀದಾ ಕೊಲ್ಲಿಗೆ. ಬೇರೆಯವರ ತೋಟದ ಕಥೆ ಹೇಳುತ್ತಿಲ್ಲ, ನಮ್ಮ ಮನೆಯದೇ.

ಒಂದು ಬೆಳಿಗ್ಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಡಿಸೆಂಬರ್ ಇರಬೇಕು, ಹುಲ್ಲಿನ ಮೇಲೆ ಇಬ್ಬನಿ. ಕೊಲ್ಲಿಯಲ್ಲಿದ್ದ ಏಡಿಗಳೆಲ್ಲ ಕಲ್ಲಿನ ಮೇಲೆ ಹತ್ತಿ ಕೂತಿದ್ದವು. ದೊಡ್ಡವು, ಮರಿಗಳು, ಹೊಟ್ಟೆ ಕೆಳಗೆ ಮರಿ ಕಟ್ಟಿಕೊಂಡವು. ಕೈ ಹತ್ತಿರ ತಂದರೂ ಓಡಲಿಲ್ಲ. ನನಗೋ ಖುಷಿ. ಬಕೆಟ್ ತರಲು ಓಡಿದೆ. ಅಪ್ಪ ಬಂದು ನೋಡಿದರು, ಏನೂ ಮಾತಾಡಲಿಲ್ಲ. ನೀರು ಕಂದು ಬಣ್ಣಕ್ಕೆ ತಿರುಗಿತ್ತು, ಹುಳಿ ವಾಸನೆ ಬರುತ್ತಿತ್ತು. ಏಡಿಗಳು ನೀರು ಬಿಟ್ಟು ಬಂದದ್ದು ಉಸಿರು ಕಟ್ಟಿ ಎಂದು ನನಗೆ ಗೊತ್ತಾದದ್ದು ಹದಿನೈದು ವರ್ಷ ಕಳೆದ ಮೇಲೆ, ಕ್ಲಾಸ್ ರೂಮಿನಲ್ಲಿ.

ಪಲ್ಪರ್ ನೀರಿನಲ್ಲಿ ವಿಷ ಏನೂ ಇಲ್ಲ, ಅದು ಬರೀ ಹಣ್ಣಿನ ರಸ ತಾನೇ ಎಂದು ಅನೇಕರು ಹೇಳುತ್ತಾರೆ. ಮಾತು ನಿಜ, ತೊಂದರೆಯೂ ಅಲ್ಲೇ ಇದೆ. ಹಣ್ಣಿನ ಸಿಪ್ಪೆ, ಬೀಜಕ್ಕೆ ಅಂಟಿದ ಲೋಳೆ, ಸಕ್ಕರೆ, ಪೆಕ್ಟಿನ್ ಎಲ್ಲ ನೀರಿಗಿಳಿಯುತ್ತವೆ. ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಊಟ ಮಾಡುತ್ತಾ ಅವು ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಎಷ್ಟು ಎಳೆದುಕೊಳ್ಳುತ್ತವೆ ಎಂಬ ಅಳತೆಗೆ ಬಿಒಡಿ ಎನ್ನುತ್ತಾರೆ. ನಮ್ಮ ಚಳಿಯ ಕೊಲ್ಲಿಯ ಶುದ್ಧ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂ ಆಸುಪಾಸು ಆಮ್ಲಜನಕ ಇರುತ್ತದೆ. ಪಲ್ಪರ್ ನೀರಿನ ಬಿಒಡಿ ಸಾವಿರಗಳ ಲೆಕ್ಕದಲ್ಲಿರುತ್ತದೆ. ಲೆಕ್ಕಕ್ಕೆ 4,000 ಎಂದಿಟ್ಟುಕೊಳ್ಳಿ. ಆಗ ಒಂದು ಲೀಟರ್ ಪಲ್ಪರ್ ನೀರು 500 ಲೀಟರ್ ಕೊಲ್ಲಿ ನೀರಿನ ಉಸಿರನ್ನು ಕುಡಿದುಬಿಡಬಲ್ಲದು. ಹೊಳೆಗೆ ಬಿಡುವ ನೀರಿನ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಎಂಬುದು ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ. ನಡುವಿನ ಅಂತರ ನೋಡಿ.

ಮಳೆಗಾಲದಲ್ಲಾದರೆ ಕೊಲ್ಲಿ ಹೇಗೋ ಸಹಿಸಿಕೊಳ್ಳುತ್ತಿತ್ತೋ ಏನೋ. ಆದರೆ ಕಾಫಿ ಹಣ್ಣಾಗುವುದೇ ಮಳೆ ನಿಂತ ಮೇಲೆ. ಅರೇಬಿಕಾ ನವೆಂಬರಿನಿಂದ ಜನವರಿ, ಅದರ ಹಿಂದೆಯೇ ರೋಬಸ್ಟಾ. ನೀರು ಕಡಿಮೆಯಾಗುತ್ತಾ ಹೋಗುವ ತಿಂಗಳುಗಳಲ್ಲೇ ಕೊಳೆ ಜಾಸ್ತಿಯಾಗುತ್ತಾ ಹೋಗುತ್ತದೆ.

ಈಗ ತಪಾಸಣೆಯ ಮಾತು. ಹಗಲು ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ಇಲ್ಲವಾದರೆ ಕಾಫಿಯ ರುಚಿ ಕೆಡುತ್ತದೆ. ಹಾಗಾಗಿ ಹಣ್ಣು ತೂಕವಾಗಿ, ಕೆಲಸದವರು ಲೈನ್ ಮನೆಗೆ ಹೋದ ಮೇಲೆ, ಸಂಜೆ ಆರೋ ಏಳೋ ಗಂಟೆಗೆ ಮೆಷಿನ್ ಶುರು. ರಾತ್ರಿ ಹತ್ತಾದರೂ ಓಡುತ್ತಿರುತ್ತದೆ. ಅಧಿಕಾರಿಗಳು ಬಂದು ಬಾಟಲಿ ತುಂಬಿಸಿಕೊಳ್ಳುವುದು ಬೆಳಿಗ್ಗೆ ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ಕೊಲ್ಲಿ ಮುಖ ತೊಳೆದುಕೊಂಡು ಕೂತಿರುತ್ತದೆ. ಆ ಬಾಟಲಿ ಲ್ಯಾಬಿಗೆ ಹೋದ ಮೇಲೂ ಬಿಒಡಿ ಪರೀಕ್ಷೆಗೆ 27 ಡಿಗ್ರಿಯಲ್ಲಿ 3 ದಿನ ಇಡಬೇಕು, ನಮ್ಮ ದೇಶದ ಪದ್ಧತಿ ಅದು. ಫಲಿತಾಂಶ ಬರುವಾಗ ಆ ನೀರು ಹಾರಂಗಿ ತಲುಪಿರುತ್ತದೆ. ಅಧಿಕಾರಿಗಳನ್ನು ದೂರುತ್ತಿಲ್ಲ. ರಾತ್ರಿ ಒಂಬತ್ತಕ್ಕೆ, ಆನೆ ಓಡಾಡುವ ದಾರಿಯಲ್ಲಿ, ಟಾರ್ಚ್ ಹಿಡಿದು ಕೊಲ್ಲಿಗೆ ಇಳಿಯಿರಿ ಎಂದು ಯಾರಿಗೂ ಹೇಳಲಾಗದು. ಅಲ್ಲಿ ಕೂರಬೇಕಾದ್ದು ಮನುಷ್ಯ ಅಲ್ಲ, ಅಷ್ಟೇ.

ಅಜ್ಜಿಯ ಕಥೆಯೂ ಹಿಂದೆ ಹೀಗೇ ಇತ್ತು. ಬಸ್ ಹತ್ತಿ ಮಡಿಕೇರಿಗೆ ಹೋಗಿ, ರಕ್ತ ಕೊಟ್ಟು, ಸಂಜೆಯವರೆಗೆ ಕಾದು ಚೀಟಿ ತರಬೇಕಿತ್ತು. ಆ ಅಂಕಿ ಆ ಒಂದು ಬೆಳಗಿನದು. ಉಳಿದ ತಿಂಗಳಿಡೀ ಏನಾಗಿತ್ತು ಎಂದು ದೇವರಿಗೇ ಗೊತ್ತು. ಅಂಕಿಯನ್ನು ಲ್ಯಾಬಿನಿಂದ ಅಡುಗೆಮನೆಗೆ ತಂದದ್ದು ಆ ಪಟ್ಟಿ. ಅದರ ತುದಿಯಲ್ಲಿ ಒಣಗಿಸಿ ಹಚ್ಚಿದ ಒಂದು ಕಿಣ್ವ ಇರುತ್ತದೆ. ಹೆಚ್ಚಾಗಿ ಗ್ಲೂಕೋಸ್ ಆಕ್ಸಿಡೇಸ್, ಬೂಷ್ಟಿನಿಂದ (ಶಿಲೀಂಧ್ರ) ತೆಗೆದದ್ದು. ಅದು ರಕ್ತದ ಸಕ್ಕರೆಯನ್ನು ಮಾತ್ರ ಹುಡುಕಿ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಜೊತೆಗಿರುವ ಇನ್ನೊಂದು ರಾಸಾಯನಿಕ ಆ ಎಲೆಕ್ಟ್ರಾನನ್ನು ಹೊತ್ತು ವಿದ್ಯುದ್ವಾರಕ್ಕೆ ಮುಟ್ಟಿಸುತ್ತದೆ. ಸಕ್ಕರೆ ಜಾಸ್ತಿ ಇದ್ದರೆ ಕರೆಂಟ್ ಜಾಸ್ತಿ. ಮೀಟರ್ ಅದನ್ನು ಅಂಕಿಯಾಗಿ ತೋರಿಸುತ್ತದೆ. (ನಡುವೆ ಒಂದು ಮಾತು: ನಮ್ಮ ಮಳೆಗಾಲದ ತೇವಕ್ಕೆ ಆ ಕಿಣ್ವ ಬೇಗ ಕೆಡುತ್ತದೆ. ಪಟ್ಟಿ ತೆಗೆದ ತಕ್ಷಣ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಮರೆಯಬೇಡಿ.)

ಇದರ ಮೂಲಪುರುಷ ಲೇಲ್ಯಾಂಡ್ ಕ್ಲಾರ್ಕ್ ಎಂಬ ಅಮೆರಿಕದ ವಿಜ್ಞಾನಿ. 1956ರಲ್ಲಿ ಅವರು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ಎಲೆಕ್ಟ್ರೋಡನ್ನು ಪ್ರಕಟಿಸಿದರು. 1962ರಲ್ಲಿ ಅದರ ಮೇಲೆ ಕಿಣ್ವದ ಪದರ ಕೂರಿಸಿ ಸಕ್ಕರೆ ಅಳೆಯಬಹುದು ಎಂದು ತೋರಿಸಿದರು. ಅಜ್ಜಿಯ ಮೀಟರ್ ಆ ಎರಡನೆಯದರ ಮೊಮ್ಮಗ. ಮೊದಲನೆಯದು ಎಲ್ಲಿ ಹೋಯಿತು ಗೊತ್ತೇ? ಹೊಳೆ ನೀರಿನ ಆಮ್ಲಜನಕ ಅಳೆಯುವ ಮೀಟರುಗಳೊಳಗೆ. ರಕ್ತಕ್ಕೆ ಮಾಡಿದ ಉಪಕರಣವೇ ನೀರಿಗೂ ಬಂತು. ನನ್ನ ವಿಷಯದಲ್ಲಿ ಆರೋಗ್ಯ, ಪರಿಸರ ಎಂದು ಎರಡು ಕೋಣೆ ಇಲ್ಲ ಎನ್ನುವುದು ಇದಕ್ಕೇ.

ಆದರೆ ಕ್ಲಾರ್ಕ್ ಮಾದರಿಯ ಮೀಟರನ್ನು ಕೊಲ್ಲಿಯಲ್ಲಿ ಮೂರು ತಿಂಗಳು ಬಿಟ್ಟು ಬರಲಾಗದು. ಅದರ ತೆಳು ಪೊರೆಗೆ ಪಾಚಿ ಕಟ್ಟುತ್ತದೆ, ಆಗಾಗ ಸರಿ ಮಾಡಬೇಕು, ಬೆಲೆಯೂ ಜಾಸ್ತಿ. ಅಲ್ಲಿಗೆ ನನ್ನ ಡಬ್ಬಿ ಬರುತ್ತದೆ. ಅದರ ಮುಖ್ಯ ಭಾಗ ಸಿಗುವುದು ನಮ್ಮ ಗದ್ದೆಯಲ್ಲೇ.

ಗದ್ದೆಯ ಮೂಲೆಯಲ್ಲಿ, ನೀರು ನಿಂತ ಕಡೆ, ಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ತೆಳು ಪೊರೆ ಕಟ್ಟಿರುವುದನ್ನು ನೋಡಿರುತ್ತೀರಿ. ಸುತ್ತ ತುಕ್ಕಿನ ಕೆಸರು. ಟ್ರ್ಯಾಕ್ಟರ್ ಎಣ್ಣೆ ಬಿದ್ದಿದೆ ಎಂದುಕೊಳ್ಳುತ್ತೇವೆ. ಒಂದು ಕಡ್ಡಿಯಿಂದ ಮುಟ್ಟಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಇದು ಗಾಜಿನ ಹಾಗೆ ಚೂರುಚೂರಾಗಿ ಒಡೆಯುತ್ತದೆ. ಅದು ಕಬ್ಬಿಣದ ಪೊರೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಧಾರಾಳ. ಗಾಳಿ ಇಲ್ಲದ ಕೆಸರಿನ ಅಡಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಈ ಕಬ್ಬಿಣದ ತುಕ್ಕನ್ನೇ ಉಸಿರಾಡುತ್ತವೆ. ಊಟದಿಂದ ಬಂದ ಎಲೆಕ್ಟ್ರಾನನ್ನು ತಮ್ಮ ಮೈಯ ಹೊರಗಿರುವ ತುಕ್ಕಿನ ಕಣಕ್ಕೆ ದಾಟಿಸಿಬಿಡುತ್ತವೆ. ಹಾಗೆ ಕರಗಿದ ಕಬ್ಬಿಣ ಮೇಲೆ ಬಂದು ಗಾಳಿ ತಾಗಿದಾಗ ಆ ಪೊರೆ. ಈ ಬಳಗದ ಒಂದು ಹೆಸರಾಂತ ಬ್ಯಾಕ್ಟೀರಿಯಾ ಜಿಯೋಬ್ಯಾಕ್ಟರ್. 1987ರಲ್ಲಿ ಡೆರೆಕ್ ಲವ್ಲಿ ಅದನ್ನು ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಗುರುತಿಸಿದರು. ತುಕ್ಕಿನ ಜಾಗದಲ್ಲಿ ಒಂದು ಇಂಗಾಲದ ತುಂಡು ಇಟ್ಟರೆ ಅದಕ್ಕೂ ಎಲೆಕ್ಟ್ರಾನ್ ಕೊಡುತ್ತದೆ. ಇನ್ನೂ ಹಿಂದೆ, 1911ರಲ್ಲೇ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಎಂ. ಸಿ. ಪಾಟರ್ ಎಂಬ ಸಸ್ಯಶಾಸ್ತ್ರಜ್ಞರು ಯೀಸ್ಟ್ ಸಕ್ಕರೆ ತಿನ್ನುವಾಗ ವಿದ್ಯುತ್ ಹುಟ್ಟುತ್ತದೆ ಎಂದು ಬರೆದಿದ್ದರು. ಆಗ ಯಾರೂ ಅದನ್ನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನನ್ನ ಡಬ್ಬಿ ಹೀಗಿದೆ. ಅಂಗೈ ಅಗಲದ ಇಂಗಾಲದ ಫೆಲ್ಟ್ ಒಂದು, ಕಂಬಳಿ ತುಂಡಿನ ಹಾಗೆ. ಅದನ್ನು ಕೊಲ್ಲಿಯ ಬದಿಯ ಕೆಸರಿನಲ್ಲಿ ಒಂದು ಗೇಣು ಆಳಕ್ಕೆ ಹೂತಿಡುತ್ತೇನೆ. ಅಂಥದ್ದೇ ಇನ್ನೊಂದು ಮೇಲೆ, ಹರಿಯುವ ನೀರಿನಲ್ಲಿ. ನಡುವೆ ತಂತಿ, ಒಂದೆರಡು ರೂಪಾಯಿಯ 1,000 ಓಮ್ ರೆಸಿಸ್ಟರ್, ಅಂಕಿ ಬರೆದಿಟ್ಟುಕೊಳ್ಳುವ ಪುಟ್ಟ ಲಾಗರ್. ಕೆಸರಿನ ಬ್ಯಾಕ್ಟೀರಿಯಾ ಕೆಳಗಿನ ತುಂಡಿಗೆ ಎಲೆಕ್ಟ್ರಾನ್ ಕೊಡುತ್ತದೆ. ಅದು ತಂತಿಯಲ್ಲಿ ಮೇಲೆ ಬಂದು ನೀರಿನ ಆಮ್ಲಜನಕವನ್ನು ಸೇರುತ್ತದೆ. ಮೇಲೆ ಆಮ್ಲಜನಕ ಇದ್ದಷ್ಟು ಹೊತ್ತು ಕರೆಂಟ್ ಹರಿಯುತ್ತದೆ. ಪಲ್ಪರ್ ನೀರು ಬಂದು ಆಮ್ಲಜನಕ ಕುಸಿದರೆ ಕರೆಂಟೂ ಕುಸಿಯುತ್ತದೆ. ಏಡಿ ಕಲ್ಲು ಹತ್ತುವ ಹೊತ್ತಿಗೆ ಡಬ್ಬಿಯ ಅಂಕಿಯೂ ಇಳಿದಿರುತ್ತದೆ. ಗಂಟೆ ನಿಮಿಷದ ಸಮೇತ.

ಇಲ್ಲಿ ಒಂದು ಆಸೆಗೆ ತಣ್ಣೀರು ಹಾಕಬೇಕು. "ಕೊಳೆ ನೀರಿನಿಂದ ಕರೆಂಟ್" ಎಂದ ಕೂಡಲೇ ಜನರ ಕಣ್ಣು ಅರಳುತ್ತದೆ. ಒಬ್ಬ ಹಿರಿಯರು ನಮ್ಮ ಕಣದಲ್ಲಿ ನಿಂತು "ಹಾಗಾದ್ರೆ ಪಲ್ಪರ್ ನೀರಿಂದಲೇ ಪಲ್ಪರ್ ಓಡಿಸಬಹುದಲ್ವಾ?" ಎಂದು ಕೇಳಿದರು. ಇಲ್ಲ ಮಾವ. ನನ್ನ ಡಬ್ಬಿ ಒಳ್ಳೆಯ ದಿನ 0.3 ವೋಲ್ಟ್ ಕೊಡುತ್ತದೆ, ಅಂದರೆ 0.3 ಮಿಲಿಆಂಪಿಯರ್. ಒಂದು 9 ವ್ಯಾಟ್ ಬಲ್ಬ್ ಉರಿಸಲು ಇಂಥ ಒಂದು ಲಕ್ಷ ಡಬ್ಬಿ ಬೇಕು. ಅದು ದಿನಕ್ಕೆ ತಿನ್ನುವ ಕೊಳೆಯೂ ಎರಡು ಮಿಲಿಗ್ರಾಂ ಆಸುಪಾಸು, ಉಗುರಿನ ಮೇಲೆ ಕೂರುವಷ್ಟು. ಜಗತ್ತಿನ ಲ್ಯಾಬುಗಳಲ್ಲಿ ಇದಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡುವವು ಇವೆ. 2015ರಲ್ಲಿ ಬ್ರಿಸ್ಟಲ್‌ನ ಸಂಶೋಧಕರು ಒಂದು ಸಂಗೀತ ಉತ್ಸವದಲ್ಲಿ ಮೂತ್ರದಿಂದಲೇ ಶೌಚಾಲಯದ ದೀಪ ಉರಿಸಿ ತೋರಿಸಿದರು. ಸಂತೋಷ. ಆದರೆ ತೋಟಕ್ಕೆ ಶಕ್ತಿ ಬೇಕಿದ್ದರೆ ಇವತ್ತಿನ ಮಟ್ಟಿಗೆ ಪಲ್ಪರ್ ನೀರನ್ನು ಬಯೋಗ್ಯಾಸ್ ಮಾಡುವುದೇ ಜಾಣತನ. ನನ್ನ ಡಬ್ಬಿಯಿಂದ ಕರೆಂಟ್ ಕೇಳಬೇಡಿ, ಸಾಕ್ಷಿ ಕೇಳಿ. ಸಾಕ್ಷಿ ಹೇಳೋಕೆ 0.3 ಮಿಲಿಆಂಪಿಯರ್ ಧಾರಾಳ ಸಾಕು.

ಕಳೆದ ಸೀಸನ್‌ನಲ್ಲಿ ಇಂಥ ಎರಡು ಡಬ್ಬಿಗಳನ್ನು ನಮ್ಮ ಜಾಗದಲ್ಲೇ ಇಟ್ಟೆ, ಒಂದು ತೋಟದ ಮೇಲ್ಭಾಗದಲ್ಲಿ, ಒಂದು ಕೆಳಗೆ. ಈಗ ನಾವು ಪಲ್ಪರ್ ನೀರನ್ನು ಕೊಲ್ಲಿಗೆ ಬಿಡುವುದಿಲ್ಲ. ಸುಣ್ಣ ಹಾಕಿ ಹೊಂಡದಲ್ಲಿ ನಿಲ್ಲಿಸುತ್ತೇವೆ. ಹಾಗಾಗಿ ಎರಡೂ ಒಂದೇ ಅಂಕಿ ತೋರಿಸಬೇಕು ಎಂಬ ಧೈರ್ಯ ನನಗೆ. ಡಿಸೆಂಬರ್ ಎರಡನೇ ವಾರ ಲಾಗರ್ ತೆಗೆದು ನೋಡಿದರೆ ಕೆಳಗಿನ ಡಬ್ಬಿ ದಿನಾ ರಾತ್ರಿ ಒಂಬತ್ತರ ನಂತರ ಕುಸಿಯುತ್ತಿತ್ತು. ಬೆಳಗಿನ ಜಾವ ಮೆಲ್ಲಗೆ ಏರುತ್ತಿತ್ತು. ಪಕ್ಕದ ತೋಟದವರ ಮೇಲೆ ಅನುಮಾನ ಬಂತು, ಸುಳ್ಳು ಯಾಕೆ ಹೇಳಲಿ. ಅಪ್ಪ ಏನೂ ಹೇಳದೆ ಟಾರ್ಚ್ ತೆಗೆದುಕೊಂಡು ನಮ್ಮ ಹೊಂಡದ ಕಟ್ಟೆಯ ಸುತ್ತ ಒಂದು ರೌಂಡ್ ಹೊಡೆದರು. ಕೆಳಬದಿಯಲ್ಲಿ ಏಡಿ ಬಿಲ ಕೊರೆದಿತ್ತು. ಹೊಂಡದ ನೀರು ಆ ಮಟ್ಟಕ್ಕೆ ಏರಿದಾಗಲೆಲ್ಲ ಬೆರಳು ದಪ್ಪದ ಧಾರೆ ಕೊಲ್ಲಿಗೆ ಇಳಿಯುತ್ತಿತ್ತು. ಬೆಳಿಗ್ಗೆ ಜೇಡಿಮಣ್ಣು ಮೆತ್ತಿ ಮುಚ್ಚಿದರು. ಮೂರನೇ ರಾತ್ರಿಗೆ ಅಂಕಿ ನೆಟ್ಟಗಾಯಿತು. ಯಾರೂ ನೋಟಿಸ್ ಕೊಡಲಿಲ್ಲ, ಯಾರೂ ದಂಡ ಹಾಕಲಿಲ್ಲ. ಅಜ್ಜಿಯ ಪಾಯಸದ ಹಾಗೆಯೇ.

ಡಬ್ಬಿಗೆ ದೋಷ ಇಲ್ಲ ಅಂತಲ್ಲ. ಚಳಿ ಜಾಸ್ತಿಯಾದರೆ ಬ್ಯಾಕ್ಟೀರಿಯಾ ಸೋಮಾರಿಯಾಗುತ್ತದೆ, ಅಂಕಿ ಇಳಿಯುತ್ತದೆ. ಹಗಲು ಪಾಚಿ ಆಮ್ಲಜನಕ ಬಿಟ್ಟು ಅಂಕಿ ಏರಿಸುತ್ತದೆ. ಕೊಳೆತ ಎಲೆ ಬಂದು ಫೆಲ್ಟ್ ಮುಚ್ಚಿದರೆ ಸುಮ್ನೆ ಗಾಬರಿ ಹುಟ್ಟಿಸುತ್ತದೆ. ಒಂದು ಡಬ್ಬಿಯನ್ನು ಆನೆ ತುಳಿದು ಹಾಕಿದ್ದೂ ಇದೆ. ಅದಕ್ಕೇ ಮೇಲೊಂದು ಕೆಳಗೊಂದು ಇಟ್ಟು ಎರಡರ ವ್ಯತ್ಯಾಸ ನೋಡಬೇಕು. ಅದಕ್ಕೇ ಮಂಡಳಿಯ ಲ್ಯಾಬಿನ ಸಹಾಯವೂ ಬೇಕು. ಡಬ್ಬಿ ಕುಸಿದ ದಿನ ಮತ್ತು ಚೆನ್ನಾಗಿದ್ದ ದಿನ, ಎರಡೂ ದಿನದ ಬಾಟಲಿಗಳನ್ನು ನಿಮ್ಮ ಪದ್ಧತಿಯಲ್ಲೇ ಪರೀಕ್ಷಿಸಿ ನನ್ನ ಅಂಕಿಗೆ ಹೋಲಿಸಬೇಕು. ತಾಳೆಯಾಗದಿದ್ದರೆ ಅದನ್ನೂ ಅದೇ ಗೋಡೆಯ ಮೇಲೆ ಬರೆಯುತ್ತೇನೆ.

ಹಾಗಾಗಿ ಮಾನ್ಯ ಜಿಲ್ಲಾಧಿಕಾರಿಗಳೇ, ಒಂದು ಕೊಲ್ಲಿ ಸಾಕು. ಹೊಳೆ ಸೇರುವ ತನಕ ಅದರ ಉದ್ದಕ್ಕೂ ಐದಾರು ಕಡೆ ಡಬ್ಬಿ ಇಡಲು ಅನುಮತಿ ಕೊಡಿ. ಹತ್ತಿರದ ಪ್ರೌಢಶಾಲೆಯ ಮಕ್ಕಳು ವಾರಕ್ಕೊಮ್ಮೆ ಅಂಕಿ ತೆಗೆದು ಬರೆಯಲಿ. ಮಲ್ಟಿಮೀಟರ್ ಹಿಡಿಯಲು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರೂ, ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನವರೂ ಜೊತೆಗೂಡಿದರೆ ಇನ್ನೂ ಒಳ್ಳೆಯದು. ಹಣ ಕೇಳುತ್ತಿಲ್ಲ.

ಇನ್ನೊಂದು ಕೋರಿಕೆ ಇದೆ, ಇದು ಎಲ್ಲಕ್ಕಿಂತ ಮುಖ್ಯ. ಮೊದಲ ಸೀಸನ್‌ನಲ್ಲಿ ಈ ಅಂಕಿ ನೋಡಿ ಯಾರಿಗೂ ನೋಟಿಸ್ ಕಳಿಸುವುದಿಲ್ಲ ಎಂದು ಲಿಖಿತವಾಗಿ ಹೇಳಬೇಕು. ಇದು ಅನೇಕರಿಗೆ ಹಿಡಿಸುವುದಿಲ್ಲ, ಗೊತ್ತು. "ಕೊಳೆ ಬಿಡುವವರನ್ನು ಹಿಡಿಯೋಕೆ ತಾನೇ ಮೀಟರ್?" ಎಂದು ಪರಿಸರದ ಗೆಳೆಯರೇ ನನ್ನನ್ನು ಬೈದಿದ್ದಾರೆ. ಆದರೆ ಡಬ್ಬಿ ಪೊಲೀಸ್ ಎಂದು ಒಮ್ಮೆ ಹೆಸರು ಬಂದರೆ ಮೊದಲ ವಾರವೇ ಯಾರೋ ತಂತಿ ಕತ್ತರಿಸುತ್ತಾರೆ. ಅಷ್ಟೇ ಅಲ್ಲ, ಸಿಕ್ಕಿಬೀಳುವವರು ಯಾರು? ರೋಬಸ್ಟಾದವರು ಬಹುತೇಕ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸುತ್ತಾರೆ, ಅವರಿಂದ ಈ ತೊಂದರೆ ಕಡಿಮೆ. ನಮ್ಮಂಥ ಸಣ್ಣ ಅರೇಬಿಕಾ ಬೆಳೆಗಾರರ ಹೊಂಡದ ಬಿಲ ಮೊದಲು ಕಣ್ಣಿಗೆ ಬೀಳುತ್ತದೆ. ದೊಡ್ಡ ಪೈಪುಗಳು ಹೇಗೋ ತಪ್ಪಿಸಿಕೊಳ್ಳುತ್ತವೆ. ಕಡಿಮೆ ನೀರಿನಲ್ಲಿ ಕೆಲಸ ಮಾಡುವ ಪಲ್ಪರ್ ಕೊಳ್ಳಲು, ಹೊಂಡಕ್ಕೆ ಶೀಟ್ ಹಾಸಲು ಯಾರಿಗೆ ನೆರವು ಬೇಕು ಎಂದು ಆ ಒಂದು ವರ್ಷದ ಅಂಕಿ ನೋಡಿ ತೀರ್ಮಾನಿಸಿ. ಎರಡನೇ ವರ್ಷದ ಕಾನೂನು ನಿಮಗೆ ಬಿಟ್ಟದ್ದು.

ಬೆಳೆಗಾರರಿಗೆ ಒಂದು ಮಾತು. ನಿಮ್ಮ ತೋಟದ ಹೆಸರು ಗೋಡೆಯ ಮೇಲೆ ಬರುವುದಿಲ್ಲ. ಡಬ್ಬಿಯ ನಂಬರ್ ಮಾತ್ರ. ನಿಮ್ಮ ಗಡಿಯ ಡಬ್ಬಿ ಯಾವುದು ಎಂದು ನಿಮಗೆ ಗೊತ್ತಿರುತ್ತದೆ, ಅಷ್ಟು ಸಾಕು. ಯಾರಿಗಾದರೂ ಮೊದಲು ನೋಡಬೇಕೆನಿಸಿದರೆ ನಮ್ಮ ಮನೆಗೆ ಬನ್ನಿ. ಜಗುಲಿಯ ಮೇಲೆ ಒಂದು ಉಪ್ಪಿನಕಾಯಿ ಭರಣಿಯಲ್ಲಿ ಗದ್ದೆ ಕೆಸರು ತುಂಬಿಸಿಟ್ಟಿದ್ದೇನೆ. ಅಜ್ಜಿ ಅದರ ಅಂಕಿಯನ್ನೂ ದಿನಾ ಅದೇ ಕ್ಯಾಲೆಂಡರಿನಲ್ಲಿ, ತಮ್ಮ ಶುಗರ್ ಪಕ್ಕ, ಬರೆಯುತ್ತಿದ್ದಾರೆ.

ಕೊಯ್ಲು ನವೆಂಬರಿನಲ್ಲಿ ಶುರುವಾಗುತ್ತದೆ. ಕೆಸರಿನ ಬ್ಯಾಕ್ಟೀರಿಯಾ ಫೆಲ್ಟಿಗೆ ಒಗ್ಗಿಕೊಂಡು ಅಂಕಿ ಸ್ಥಿರವಾಗಲು ಮೂರು ನಾಲ್ಕು ವಾರ ಬೇಕು. ಮಳೆ ಕಡಿಮೆಯಾಗಿ ಕೊಲ್ಲಿಗೆ ಇಳಿಯಲು ಆಗುವುದು ಅಕ್ಟೋಬರ್ ಮೊದಲ ವಾರ. ಅಷ್ಟರೊಳಗೆ ತಮ್ಮ ಉತ್ತರ ಬಂದರೆ ಈ ಸೀಸನ್‌ಗೇ ಡಬ್ಬಿ ಇಡಬಹುದು.

ಇಂತಿ ತಮ್ಮ ವಿಶ್ವಾಸಿ,
ಮಾದಾಪುರ ಕಡೆಯ ಒಬ್ಬ ಬೆಳೆಗಾರರ ಮಗಳು